ಮೂರ್ಛೆರೋಗಿಗೆ ಅರಿವಳಿಕೆ: ಒಂದು ಹಳೆಯ ಆರೋಪದ ಚರಿತ್ರೆ



ಕಳೆದ ತಿಂಗಳು ನನ್ನ ದೊಡ್ಡಕ್ಕನ ಮಗ ಫೋನ್ ಮಾಡಿ, “ಮಾವ, ಪಿತ್ತಕೋಶದಲ್ಲಿ ಕಲ್ಲಿದೆಯಂತೆ. ಆಪರೇಷನ್ ಆಗಲೇಬೇಕಂತೆ. ಆವತ್ತಿನ ಥರ ಆಗಿಬಿಟ್ಟರೆ ಏನು ಮಾಡೋದು? ನೀವೂ ಜೊತೆಗೆ ಬನ್ನಿ” ಎಂದ. ‘ಆವತ್ತು’ ಎಂದರೆ ಯಾವತ್ತು ಎಂದು ನಾನು ಕೇಳಲಿಲ್ಲ. ನಮ್ಮ ಮನೆತನದಲ್ಲಿ ಆ ಒಂದು ದಿನಕ್ಕೆ ತಾರೀಖು ಬೇಕಾಗಿಲ್ಲ. ಆದರೂ ಈ ಪುಟವನ್ನು ಓದುವ ನಿಮ್ಮಲ್ಲಿ ಅನೇಕರಿಗೆ ಅದು ತಿಳಿಯದು. ತಿಳಿದವರಿಗೂ ಅರ್ಧ ಮಾತ್ರ ತಿಳಿದಿದೆ. ಅಳಿಯನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಅದು 1993ನೆಯ ಇಸವಿ. ಆತನಿಗೆ ಆಗ ಇಪ್ಪತ್ತನಾಲ್ಕು ವರ್ಷ. ಒಂದು ಭಾನುವಾರ ಬೆಳಗ್ಗೆ ಹೊಟ್ಟೆನೋವು ಆರಂಭವಾಗಿ, ಸೋಮವಾರ ನಮ್ಮ ಭಾಗದಿಂದ ದೂರದ ಪಟ್ಟಣದ ಒಂದು ಆಸ್ಪತ್ರೆಗೆ ಸೇರಿಸಿ, ಮಂಗಳವಾರ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ನಡೆಯಿತು. ಎಲ್ಲವೂ ಸುಗಮವಾಗಿಯೇ ಆಯಿತು. ಆದರೆ ಶುಕ್ರವಾರ ನಸುಕಿನಲ್ಲಿ, ವಾರ್ಡಿನ ಮಂಚದ ಮೇಲೆ ಆತನಿಗೆ ಕೈಕಾಲು ಸೆಟೆದು ಮೂರ್ಛೆ ಬಂತು. ಒಂದಲ್ಲ, ಬೆನ್ನುಬೆನ್ನಿಗೆ ಎರಡು. ಹೊಲಿಗೆ ಬಿಚ್ಚಿತು, ನಾಲಿಗೆ ಕಚ್ಚಿಕೊಂಡು ಬಾಯಿಯೆಲ್ಲ ರಕ್ತವಾಯಿತು. ನಮ್ಮ ಅಕ್ಕ ಆ ಮೊಗಸಾಲೆಯಲ್ಲಿ ಕೂಗಿಕೊಂಡದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ: “ಅದೇನು ಇಂಜೆಕ್ಷನ್ ಕೊಟ್ಟು ನನ್ನ ಮಗನಿಗೆ ಹೀಗೆ ಮಾಡಿದಿರಿ!”

ಅಂದಿನಿಂದ ನಮ್ಮ ಮನೆಯಲ್ಲಿ ತೀರ್ಪು ಹೊರಬಿದ್ದುಹೋಗಿತ್ತು. ಮತ್ತು ಬರಿಸುವ ಔಷಧಿಯಿಂದಲೇ ಫಿಟ್ಸ್ ಬಂತು ಎಂಬ ಆ ಮಾತನ್ನು ವಿಜ್ಞಾನ ಪಾಠ ಹೇಳುವ ನಾನೂ ಬಹಳ ವರ್ಷ ನಂಬಿದ್ದೆ, ಇನ್ನೊಬ್ಬರಿಗೆ ಹೇಳಿಯೂ ಇದ್ದೆ. ನಿವೃತ್ತನಾದ ಮೇಲೆ, ಟ್ರಂಕಿನಲ್ಲಿ ಉಳಿದಿದ್ದ ಆಗಿನ ಡಿಸ್ಚಾರ್ಜ್ ಚೀಟಿಯಲ್ಲಿ ‘ಕೆಟಮಿನ್’ ಎಂಬ ಹೆಸರು ಕಣ್ಣಿಗೆ ಬಿದ್ದಿತು. ವೈದ್ಯನಾಗಿರುವ ನಿಮ್ಮಲ್ಲೊಬ್ಬನಿಂದ ಪುಸ್ತಕ, ಲೇಖನಗಳನ್ನು ತರಿಸಿಕೊಂಡು ಓದತೊಡಗಿದೆ. ಆರೋಪಿಗೆ ಶಿಕ್ಷೆ ಕೊಡಿಸಬೇಕೆಂಬ ಹಟದಿಂದಲೇ ಓದಲು ಕುಳಿತೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ನಾನು ವೈದ್ಯನಲ್ಲ, ಬಿ.ಎಡ್. ಮಾಡಿದ ಮೇಷ್ಟ್ರು, ಆದುದರಿಂದ ಇದನ್ನು ಚರಿತ್ರೆಯೆಂದು ಓದಿ, ಚಿಕಿತ್ಸೆಯ ಮಾತನ್ನು ನಿಮ್ಮ ವೈದ್ಯರಲ್ಲಿ ಕೇಳಿ.

ಮೊದಲು ನಮ್ಮ ಸೀಮೆಯ ವಿಚಾರ ಹೇಳಬೇಕು. ಮೂರ್ಛೆರೋಗಕ್ಕೆ ಶಾಸ್ತ್ರದಲ್ಲಿ ಅಪಸ್ಮಾರವೆಂದು ಹೆಸರು. ಸ್ಮೃತಿ ಅಳಿಯುವುದು ಎಂದರ್ಥ. ನಟರಾಜನ ವಿಗ್ರಹದಲ್ಲಿ ಪಾದದ ಕೆಳಗೆ ಬಿದ್ದಿರುವ ಕುಳ್ಳನ ಹೆಸರೂ ಅದೇ. ಕಾಮಗೆರೆಯ ಶಾಲೆಯಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಎಂಟನೆಯ ತರಗತಿಯ ಹುಡುಗನೊಬ್ಬ ಬೆಂಚಿನಿಂದ ಕುಸಿದಾಗ, ಜವಾನ ಓಡಿಬಂದು ಅವನ ಕೈಯಲ್ಲಿ ಬೀಗದ ಕೈ ಗೊಂಚಲನ್ನು ಇರಿಸಿದ. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಎರಡು ನಿಮಿಷದಲ್ಲಿ ಸೆಳವು ತಾನಾಗಿಯೇ ನಿಂತಿತು, ಕೀರ್ತಿ ಕಬ್ಬಿಣಕ್ಕೆ ಹೋಯಿತು. ನಿಮ್ಮಲ್ಲಿ ಕೆಲವರು ಆ ದಿನ ತರಗತಿಯಲ್ಲಿ ಇದ್ದವರೇ.

ಆದರೆ ನಮ್ಮ ಕಡೆಗೆ ವಿಶೇಷವಾದ ಇನ್ನೊಂದು ಬಗೆಯಿದೆ. ಹಂಡೆಯಲ್ಲಿ ಕಾಯಿಸಿದ ನೀರನ್ನು, ಹಬೆಯಾಡುತ್ತಿರುವಾಗಲೇ, ಚೊಂಬಿನ ಮೇಲೆ ಚೊಂಬು ಬಿಡುವಿಲ್ಲದೆ ತಲೆಗೆ ಸುರಿದುಕೊಳ್ಳುವ ಅಭ್ಯಾಸ ನಮ್ಮದು. ಹಾಗೆ ತಲೆಗೆ ಸ್ನಾನ ಮಾಡುವಾಗ ಮಾತ್ರ ಕೆಲವರಿಗೆ ಮಾತು ತೊದಲಿ, ದೃಷ್ಟಿ ಮಂಜಾಗಿ, ಎಚ್ಚರ ತಪ್ಪುತ್ತದೆ. ಕೆಲವರಿಗೆ ಆಗ ಒಂದು ಬಗೆಯ ಹಿತವೂ ಆಗಿ, ನಿಲ್ಲಿಸಲಾರದೆ ನೀರು ಸುರಿದುಕೊಳ್ಳುತ್ತಲೇ ಹೋಗುತ್ತಾರೆ. ಇದಕ್ಕೆ ಬಿಸಿನೀರಿನ ಅಪಸ್ಮಾರವೆಂದು ಹೆಸರು. ಪ್ರಪಂಚದಲ್ಲಿ ಇದನ್ನು ಮೊದಲು ವರದಿ ಮಾಡಿದ್ದು 1945ರಲ್ಲಿ, ನ್ಯೂಜಿಲೆಂಡಿನ ಒಬ್ಬ ರೋಗಿಯಲ್ಲಿ. ಆದರೆ ಇದು ನೂರಾರು ಜನರಲ್ಲಿ ಇದೆಯೆಂದು ತೋರಿಸಿಕೊಟ್ಟವರು ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿಯವರು. ಅವರ ಮೊದಲ ವರದಿ 1968ರಲ್ಲಿ ಪ್ರಕಟವಾಯಿತು. 1974ರ ಹೊತ್ತಿಗೆ 108 ರೋಗಿಗಳ ವಿವರ ಅವರಲ್ಲಿತ್ತು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ಅಧ್ಯಯನವನ್ನು ಹೊರತಂದರು.

ಮಣಿಯವರ ಹೆಸರು ನಮ್ಮ ನೆರೆಯ ತಾಲ್ಲೂಕಿಗೆ ಇನ್ನೊಂದು ಕಾರಣದಿಂದ ಅಂಟಿಕೊಂಡಿದೆ. 1990ರ ದಶಕದಲ್ಲಿ ಅವರು ಮತ್ತು ಅವರ ತಂಡ ಯಳಂದೂರು ತಾಲ್ಲೂಕಿನಲ್ಲಿ ಸುಮಾರು 65,000 ಜನರ ನಡುವೆ ಮನೆಮನೆಗೆ ಹೋಗಿ ಮೂರ್ಛೆರೋಗಿಗಳನ್ನು ಗುರುತಿಸಿತು. ಸಾವಿರಕ್ಕೆ ನಾಲ್ಕರಿಂದ ಐದು ಜನರಲ್ಲಿ ಸಕ್ರಿಯ ಮೂರ್ಛೆರೋಗ ಕಂಡಿತು; ಬಿಸಿನೀರಿನ ಬಗೆಯದು ಲಕ್ಷಕ್ಕೆ 255ರಂತೆ ಇತ್ತು. ಮುಂದೆ ಫಿನೋಬಾರ್ಬಿಟೋನ್ ಮತ್ತು ಫೆನಿಟಾಯಿನ್ ಎಂಬ ಎರಡೇ ಅಗ್ಗದ ಮಾತ್ರೆಗಳಿಂದ ಹಳ್ಳಿಯಲ್ಲಿಯೇ ಚಿಕಿತ್ಸೆ ನೀಡಿ, ವರ್ಷಗಟ್ಟಲೆ ಹಿಂಬಾಲಿಸಿ, ಅದರ ಫಲಿತಾಂಶವನ್ನು 2001ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪೂರ್ಣಯ್ಯನವರ ಜಹಗೀರೆಂದು ಚರಿತ್ರೆಯ ಪುಸ್ತಕದಲ್ಲಿ ಓದಿದ ಯಳಂದೂರು, ಜಗತ್ತಿನ ವೈದ್ಯರ ನಡುವೆ ‘ಯಳಂದೂರು ಅಧ್ಯಯನ’ ಎಂಬ ಹೆಸರಿನಿಂದ ಪರಿಚಿತ ಎಂಬುದು ನಮ್ಮವರಿಗೇ ಅಷ್ಟಾಗಿ ತಿಳಿಯದು. (ಯಳಂದೂರು ಮೈಸೂರು ಸಂಸ್ಥಾನದಲ್ಲಿದ್ದರೆ ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಗಡಿ ಬೇರೆಯಿದ್ದರೂ ಬಚ್ಚಲುಮನೆ ಒಂದೇ!)

ನನ್ನ ಅಳಿಯನಿಗೆ ಬಾಲ್ಯದಲ್ಲಿ ಬಂದದ್ದೂ ಈ ಬಿಸಿನೀರಿನ ಮೂರ್ಛೆಯೇ. ಎಣ್ಣೆನೀರಿನ ದಿನ ಬಚ್ಚಲಲ್ಲಿ ಬೀಳುತ್ತಿದ್ದ. ಕೆಲವರಲ್ಲಿ ಮುಂದೆ ನೀರಿನ ಸಂಬಂಧವಿಲ್ಲದೆಯೂ ಸೆಳವು ಬರುವುದುಂಟು; ಆತನಿಗೂ ಹದಿನೆಂಟರ ಪ್ರಾಯದಲ್ಲಿ ಹಾಗೆಯೇ ಆಯಿತು. ಮೈಸೂರಿನ ವೈದ್ಯರು ರಾತ್ರಿ ಹೊತ್ತು ನುಂಗಲು ಗಾರ್ಡಿನಾಲ್ ಮಾತ್ರೆ ಬರೆದುಕೊಟ್ಟರು. ಗಾರ್ಡಿನಾಲ್ ಎಂದರೆ ಯಳಂದೂರಿನಲ್ಲಿ ಹಂಚಿದ ಆ ಫಿನೋಬಾರ್ಬಿಟೋನೇ. ಈ ಮಾತ್ರೆಯ ವಿಚಾರವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಇನ್ನು ಅರಿವಳಿಕೆಯ ಕಥೆ. 1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯ ಈಥರ್ ಮೂಸಿಸಿ, ರೋಗಿಗೆ ನೋವಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿದುದನ್ನು ನಿಮಗೆ ರಸಾಯನಶಾಸ್ತ್ರದ ಪಾಠದಲ್ಲಿ ಹೇಳಿದ್ದೆ. ಮರುವರ್ಷವೇ ಈಥರ್ ಕಲ್ಕತ್ತೆಗೆ ಬಂತು. ಅದೇ 1847ರ ನವೆಂಬರಿನಲ್ಲಿ ಎಡಿನ್‌ಬರೊದ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದರು. ಮಜಾ ಏನೆಂದರೆ, ಹೆರಿಗೆಯ ಸಮಯದಲ್ಲಿ ತಾಯಂದಿರಿಗೆ ಬರುವ ಸೆಳವನ್ನು ನಿಲ್ಲಿಸಲು ಆ ಕಾಲದ ವೈದ್ಯರು ಬಳಸುತ್ತಿದ್ದುದೂ ಇದೇ ಕ್ಲೋರೋಫಾರ್ಮು! ಮಿದುಳನ್ನು ಮಲಗಿಸುವ ವಸ್ತು ಸೆಳವನ್ನೂ ಮಲಗಿಸಬೇಕು ಎಂಬುದು ಸಹಜ ತರ್ಕ. ಬಹುಮಟ್ಟಿಗೆ ಆ ತರ್ಕ ಸರಿಯೇ. ಆದರೆ ಪೂರ್ತಿ ಸರಿಯಲ್ಲ ಎಂಬುದು ತಿಳಿಯಲು ಎಂಬತ್ತು ವರ್ಷ ಬೇಕಾಯಿತು.

1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ವೈದ್ಯರು ಒಂದು ವಿಚಿತ್ರ ಅಪಾಯವನ್ನು ವರದಿ ಮಾಡತೊಡಗಿದರು. ಈಥರಿನ ಆಳವಾದ ನಿದ್ರೆಯಲ್ಲಿರುವ ರೋಗಿಗೆ, ಹಿಂದೆಂದೂ ಮೂರ್ಛೆ ಬಾರದವನಿಗೆ, ಶಸ್ತ್ರಚಿಕಿತ್ಸೆಯ ನಡುವೆ ಹಠಾತ್ತನೆ ಸೆಳವು. ಮೊದಲು ಕಣ್ಣರೆಪ್ಪೆ ಅದುರುವುದು, ಬಳಿಕ ಮುಖ, ಆಮೇಲೆ ಮೈಯೆಲ್ಲ. ಕೆಲವರು ಸತ್ತೇಹೋದರು. ಈಥರ್ ಕಲಬೆರಕೆಯಾಗಿದೆ ಎಂದರು ಒಬ್ಬರು. ಆಮ್ಲಜನಕ ಸಾಲದು ಎಂದರು ಇನ್ನೊಬ್ಬರು. ಇಂಗಾಲದ ಡೈಆಕ್ಸೈಡ್ ಹೆಚ್ಚಾಯಿತು ಎಂದರು ಮತ್ತೊಬ್ಬರು. ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಾಮ್ಯ ಕಂಡಿತು. ಸೆಳವು ಬಂದವರಲ್ಲಿ ಹೆಚ್ಚಿನವರು ಎಳೆಯರು. ಕೀವು ತುಂಬಿದ ಕಾಯಿಲೆಯಿಂದ ಜ್ವರ ಏರಿದ್ದವರು. ಬೆವರನ್ನು ತಡೆಯುವ ಅಟ್ರೋಪಿನ್ ಪಡೆದವರು. ಕಾವೇರಿದ ಕೋಣೆಯಲ್ಲಿ, ಹೊದಿಕೆಯ ಕೆಳಗೆ ಮಲಗಿದ್ದವರು. ಎಂದರೆ ಈಥರ್ ಒಂದೇ ಅಲ್ಲ, ಈಥರಿನ ಜೊತೆಗೆ ಸೇರಿದ ಮೈಯ ಕಾವು. ಇದನ್ನು ಓದುವಾಗ ನನಗೆ ನಮ್ಮ ಬಚ್ಚಲುಮನೆಯ ಹಬೆ ನೆನಪಾಗದೆ ಇರಲಿಲ್ಲ. ಎರಡರ ಒಳಗಿನ ಕಾರಣ ಒಂದೇ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ನನಗೆ ಅಧಿಕಾರವಿಲ್ಲ. ಆದರೆ ಮಿದುಳು ಬಿಸಿಯಾಗುವುದು ಸೆಳವಿಗೆ ದಾರಿ ಎಂಬುದನ್ನು ಅಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯೂ ಇಲ್ಲಿ ಹಂಡೆಯ ನೀರೂ ತೋರಿಸಿಕೊಟ್ಟವು.

1934ರಲ್ಲಿ ಥಯೋಪೆಂಟೋನ್ ಎಂಬ ಚುಚ್ಚುಮದ್ದು ಬಂತು. ತೋಳಿನ ರಕ್ತನಾಳಕ್ಕೆ ಕೊಟ್ಟರೆ ಅರ್ಧ ನಿಮಿಷದಲ್ಲಿ ನಿದ್ರೆ. ಸೆಳವನ್ನು ನಿಲ್ಲಿಸಲೂ ಅದೇ ಬಳಕೆಯಾಯಿತು. ಅದು ಬಾರ್ಬಿಟ್ಯುರೇಟ್ ಕುಲಕ್ಕೆ ಸೇರಿದ್ದು. 1912ರಿಂದ ಮೂರ್ಛೆರೋಗಕ್ಕೆ ಕೊಡುತ್ತಿದ್ದ ಫಿನೋಬಾರ್ಬಿಟೋನಿನ ಒಡಹುಟ್ಟು ಎನ್ನಬಹುದು. ಆದರೆ ಅದೇ ಕುಲದ ಮೆಥೊಹೆಕ್ಸಿಟೋನ್ ಎಂಬ ಇನ್ನೊಂದು ಮದ್ದು, ಕೆಲವು ಮೂರ್ಛೆರೋಗಿಗಳ ಮಿದುಳಿನಲ್ಲಿ ಸೆಳವಿನ ಅಲೆಗಳನ್ನು ಎಬ್ಬಿಸುತ್ತದೆ. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬ ಜಗಳ ಬಿಡಿಸುವವನು, ಇನ್ನೊಬ್ಬ ಜಗಳ ಹಚ್ಚುವವನು!

ಈಗ ನಮ್ಮ ಮನೆಯ ಆರೋಪಿಗೆ ಬರುತ್ತೇನೆ. ಕೆಟಮಿನ್ 1962ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ತಯಾರಾಯಿತು. 1964ರಲ್ಲಿ ಮೊದಲು ಮನುಷ್ಯರಿಗೆ ಕೊಟ್ಟು ನೋಡಿದರು. 1970ರಲ್ಲಿ ಅಲ್ಲಿನ ಸರ್ಕಾರ ಬಳಕೆಗೆ ಅನುಮತಿಸಿತು. ಸಣ್ಣ ಆಸ್ಪತ್ರೆಗಳಿಗೆ ಅದೊಂದು ವರದಾನ. ಉಸಿರಾಟವನ್ನು ಅಷ್ಟಾಗಿ ಕುಂದಿಸದು, ರಕ್ತದೊತ್ತಡವನ್ನು ಇಳಿಸದು, ದೊಡ್ಡ ಯಂತ್ರ ಬೇಡ. ಇಂದಿಗೂ ಜಗತ್ತಿನ ಬಡ ಭಾಗಗಳಲ್ಲಿ ಎಷ್ಟೋ ಶಸ್ತ್ರಚಿಕಿತ್ಸೆಗಳು ಅದರ ಬಲದಿಂದಲೇ ನಡೆಯುತ್ತವೆ. ಅದನ್ನು ಪಡೆದ ರೋಗಿ ಕಣ್ಣು ತೆರೆದುಕೊಂಡೇ ಇರುತ್ತಾನೆ, ಕೈಕಾಲು ಅಲುಗಾಡಿಸುತ್ತಾನೆ, ಏಳುವಾಗ ವಿಚಿತ್ರ ಕನಸು ಕಂಡು ಬಡಬಡಿಸುತ್ತಾನೆ. ಹೊರಗೆ ನಿಂತ ಬಂಧುಗಳು ಅದನ್ನೇ ಫಿಟ್ಸ್ ಎಂದು ತಿಳಿದರೆ ಆಶ್ಚರ್ಯವಿಲ್ಲ.

1973ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮಿದುಳಿನ ಆಳದಲ್ಲಿ ತಂತಿಗಳನ್ನು ಅಳವಡಿಸಿದ್ದ ಮೂರ್ಛೆರೋಗಿಗಳಿಗೆ ಕೆಟಮಿನ್ ಕೊಟ್ಟಾಗ, ಅವರಲ್ಲಿ ಕೆಲವರಿಗೆ ಸೆಳವಿನ ವಿದ್ಯುತ್ ಅಲೆಗಳು ಎದ್ದವು ಎಂದು ಅದು ಹೇಳಿತು. ಇದನ್ನು ಓದಿದ ರಾತ್ರಿ ನಾನು ಗೆದ್ದೆನೆಂದು ಹಿಗ್ಗಿದೆ. ಮಾರನೆಯ ದಿನ 1974ರ ಇನ್ನೊಂದು ವರದಿ ಸಿಕ್ಕಿತು. ಕೆಟಮಿನನ್ನು ಮನುಷ್ಯರಲ್ಲಿ ಮೊದಲು ಬಳಸಿದವರಲ್ಲಿ ಒಬ್ಬರಾದ ಕಾರ್ಸನ್ ಮತ್ತು ಸಂಗಡಿಗರು, ಮೂರ್ಛೆರೋಗಿಗಳಲ್ಲಿ ಅದು ಸೆಳವನ್ನು ಹೆಚ್ಚಿಸಲಿಲ್ಲವೆಂದು ತೋರಿಸಿದ್ದರು. ಮುಂದಿನ ದಶಕಗಳಲ್ಲಿ ತಕ್ಕಡಿ ಈ ಕಡೆಗೇ ವಾಲಿತು. ಇಂದು, ಬೇರಾವ ಔಷಧಕ್ಕೂ ಬಗ್ಗದೆ ಗಂಟೆಗಟ್ಟಲೆ ನಿಲ್ಲದ ಸೆಳವನ್ನು ತಡೆಯಲು ತೀವ್ರ ನಿಗಾ ಘಟಕಗಳಲ್ಲಿ ಕೆಟಮಿನನ್ನೇ ಕೊಡುತ್ತಾರೆ. ನಾನು ಕಟಕಟೆಯಲ್ಲಿ ನಿಲ್ಲಿಸಿದವನು ಪೊಲೀಸ್ ಪೇದೆಯ ಸಮವಸ್ತ್ರದಲ್ಲಿ ನಿಂತಿದ್ದ!

ಆಗ ನಾನು ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ, ಒಂದು ಹಾಳೆಯ ಮೇಲೆ ಲೆಕ್ಕ ಹಾಕಿದೆ. ವಿಕಿರಣದ ಪಾಠದಲ್ಲಿ ಹೇಳಿದ ಅರ್ಧಾಯು ನೆನಪಿದೆಯೇ? ಔಷಧಗಳಿಗೂ ಅದುಂಟು. ಕೆಟಮಿನಿನ ಅರ್ಧಾಯು ಎರಡು ಮೂರು ಗಂಟೆ. ಮಂಗಳವಾರ ಮಧ್ಯಾಹ್ನ ಕೊಟ್ಟ ಕೆಟಮಿನ್ ಬುಧವಾರ ಬೆಳಗಾಗುವಷ್ಟರಲ್ಲಿ ಮೈಯಿಂದ ಹೆಚ್ಚುಕಡಿಮೆ ಹೊರಟುಹೋಗಿರುತ್ತದೆ. ಮೂರ್ಛೆ ಬಂದದ್ದು ಶುಕ್ರವಾರ ನಸುಕಿನಲ್ಲಿ. ಗಾರ್ಡಿನಾಲಿನ ಅರ್ಧಾಯುವಾದರೋ ಸುಮಾರು ನಾಲ್ಕು ದಿನ. ಆತ ಕೊನೆಯ ಮಾತ್ರೆ ನುಂಗಿದ್ದು ಯಾವಾಗ? ಶನಿವಾರ ರಾತ್ರಿ. ಭಾನುವಾರ ವಾಂತಿ. ಸೋಮವಾರದಿಂದ ‘ಬಾಯಿಗೆ ಏನೂ ಹಾಕಬಾರದು’. ಆಮೇಲೆ ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ. ಐದು ದಿನಗಳ ಮೇಲೆ ಅವನ ರಕ್ತದಲ್ಲಿ ಉಳಿದದ್ದು ಮೊದಲಿನ ಅರ್ಧಕ್ಕಿಂತ ಕಡಿಮೆ. ಬಾರ್ಬಿಟ್ಯುರೇಟನ್ನು ಥಟ್ಟನೆ ನಿಲ್ಲಿಸುವುದೇ ಸೆಳವಿಗೆ ಆಹ್ವಾನವಿತ್ತಂತೆ. ಮೇಲೆ ಜ್ವರವಿತ್ತು, ನಿದ್ರೆಯಿರಲಿಲ್ಲ.

ಮಾತ್ರೆಗಳು ಎಲ್ಲಿದ್ದವು? ನಮ್ಮ ಅಕ್ಕನ ಮನೆಯ ನಡುಮನೆಯ ಗೂಡಿನಲ್ಲಿ, ದೇವರ ಪಟದ ಹಿಂದೆ. ಆಸ್ಪತ್ರೆಗೆ ತಂದಿರಲಿಲ್ಲ. ತಂದರೆ ನರ್ಸು ನೋಡುತ್ತಾಳೆ, ಪಕ್ಕದ ಮಂಚದವರು ನೋಡುತ್ತಾರೆ.

ಮತ್ತು ಇಲ್ಲಿ, ಮೂವತ್ತು ವರ್ಷಗಳಿಂದ ನಾನು ಯಾರಿಗೂ ಹೇಳದಿದ್ದ ಅರ್ಧವನ್ನು ಹೇಳಬೇಕು. ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ಅರಿವಳಿಕೆಯ ವೈದ್ಯರು ಬಂದು, ಓದಿದವನೆಂದು ನನ್ನನ್ನೇ ಕೇಳಿದರು: “ಮೇಷ್ಟ್ರೇ, ಹುಡುಗನಿಗೆ ಫಿಟ್ಸ್ ಗಿಟ್ಸ್, ಉಬ್ಬಸ ಏನಾದರೂ ಇದೆಯೇ? ದಿನಾ ಯಾವುದಾದರೂ ಮಾತ್ರೆ ತೊಗೊಳ್ತಾನಾ?” ಅಕ್ಕ ನನ್ನ ಮುಖ ನೋಡಿದಳು. ಮುಂದಿನ ತಿಂಗಳು ಆತನ ನಿಶ್ಚಿತಾರ್ಥವಿತ್ತು. ಹೆಣ್ಣಿನ ಕಡೆಯವರು ಅಲ್ಲೇ ಬಾಗಿಲಿನ ಹೊರಗೆ, ಎಳನೀರು ಹಿಡಿದುಕೊಂಡು ನಿಂತಿದ್ದರು. “ಏನೂ ಇಲ್ಲ ಸಾರ್” ಎಂದೆ. ಒಪ್ಪಿಗೆ ಪತ್ರಕ್ಕೆ ಸಾಕ್ಷಿಯ ಸಹಿಯನ್ನೂ ಹಾಕಿದೆ.

ಆ ಭಯಕ್ಕೆ ಬರೀ ಲೋಕಾಪವಾದ ಕಾರಣವಾಗಿರಲಿಲ್ಲ, ಕಾನೂನೂ ಕಾರಣವಾಗಿತ್ತು. 1976ರ ತಿದ್ದುಪಡಿಯ ಮೂಲಕ ಹಿಂದೂ ವಿವಾಹ ಕಾಯಿದೆಯು, ಮರುಕಳಿಸುವ ಹುಚ್ಚಿನ ಜೊತೆಯಲ್ಲಿಯೇ ಮರುಕಳಿಸುವ ಅಪಸ್ಮಾರವನ್ನೂ ಸೇರಿಸಿ, ಅಂಥವರು ವಿವಾಹಕ್ಕೆ ಅರ್ಹರಲ್ಲವೆಂದು ಸಾರಿತ್ತು. ಬಯಲಾದರೆ ಮದುವೆಯನ್ನೇ ರದ್ದು ಮಾಡಿಸಬಹುದಾಗಿತ್ತು. 1970ರಲ್ಲಿ ಸ್ಥಾಪನೆಯಾದ ಭಾರತೀಯ ಅಪಸ್ಮಾರ ಸಂಘದವರು ಇದರ ವಿರುದ್ಧ ಬಹುಕಾಲ ಹೋರಾಡಿದರು; 1999ರಲ್ಲಿ ಸಂಸತ್ತು ಆ ಪದವನ್ನು ಕಾಯಿದೆಯಿಂದ ತೆಗೆದುಹಾಕಿತು. ಇಪ್ಪತ್ಮೂರು ವರ್ಷಗಳ ಕಾಲ ಕಾನೂನಿನ ಪುಸ್ತಕದಲ್ಲಿದ್ದ ಒಂದು ಪದ, ಎಷ್ಟು ಆಸ್ಪತ್ರೆಗಳಲ್ಲಿ ಎಷ್ಟು ಜನರ ಬಾಯಿಂದ “ಏನೂ ಇಲ್ಲ ಸಾರ್” ಎನ್ನಿಸಿತೋ ಲೆಕ್ಕ ಇಟ್ಟವರಿಲ್ಲ. ಇದನ್ನು ನನ್ನ ಸುಳ್ಳಿಗೆ ಸಮರ್ಥನೆಯಾಗಿ ಹೇಳುತ್ತಿಲ್ಲ.

ಬಿಸಿನೀರಿನ ಮೂರ್ಛೆಯವರಲ್ಲಿ ಇನ್ನೊಂದು ತೊಡಕಿದೆ. ಅವರು ಮುಚ್ಚಿಡುವುದೇ ಇಲ್ಲ, ತಮಗೆ ಫಿಟ್ಸ್ ಇದೆಯೆಂದೇ ಅವರಿಗೆ ಅನ್ನಿಸಿರುವುದಿಲ್ಲ! “ಬಚ್ಚಲಲ್ಲಿ ತಲೆ ಸುತ್ತುತ್ತೆ, ಪಿತ್ತ ಜಾಸ್ತಿ” ಎನ್ನುತ್ತಾರೆ. ಆದುದರಿಂದ ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆಯಿಂದ ಯಾರಾದರೂ ಶಸ್ತ್ರಚಿಕಿತ್ಸೆಗೆ ಹೋದಾಗ, ವೈದ್ಯರು ಕೇಳದಿದ್ದರೂ ಈ ಬಚ್ಚಲಿನ ತಲೆಸುತ್ತನ್ನು ಹೇಳುವುದು ಒಳ್ಳೆಯದು. ವೈದ್ಯರಾಗಿರುವ ನನ್ನ ಶಿಷ್ಯರು ಪ್ರಶ್ನೆಯನ್ನೇ ಹಾಗೆ ಕೇಳಲಿ.

ಕೆಟಮಿನ್ ನಿರ್ದೋಷಿ ಎಂದಮಾತ್ರಕ್ಕೆ ಎಲ್ಲವೂ ನಿರ್ದೋಷಿ ಎಂದಲ್ಲ. ಎನ್‌ಫ್ಲುರೇನ್ ಎಂಬ ಮೂಸುವ ಔಷಧ 1970ರ ದಶಕದಲ್ಲಿ ಬಂದಾಗ, ಅದರ ಪ್ರಮಾಣ ಹೆಚ್ಚಾಗಿ ರೋಗಿಯ ಉಸಿರಾಟವೂ ವೇಗವಾದರೆ ಇಇಜಿಯಲ್ಲಿ ಸೆಳವಿನ ಮೊನೆಗಳು ಕಾಣುತ್ತಿದ್ದವು, ಕೈಕಾಲೂ ಅದುರುತ್ತಿದ್ದವು. ಮೂರ್ಛೆರೋಗಿಗೆ ಅದು ಬೇಡವೆಂದು ಪಠ್ಯಪುಸ್ತಕಗಳು ಬರೆದವು. ಈಗ ಅದು ಬಹುತೇಕ ಮೂಲೆ ಸೇರಿದೆ. ಇಂದು ಮಕ್ಕಳಿಗೆ ಹೆಚ್ಚಾಗಿ ಬಳಸುವ ಸೆವೋಫ್ಲುರೇನಿನಲ್ಲಿಯೂ ಪ್ರಮಾಣ ಮಿತಿ ಮೀರಿದರೆ ಅಂಥದೇ ಅಲೆಗಳು ಕಾಣುವುದುಂಟು. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ 1986ರಲ್ಲಿ ಮಾರುಕಟ್ಟೆಗೆ ಬಂದ ಕೆಲವೇ ವರ್ಷಗಳಲ್ಲಿ ಸೆಳವಿನ ದೂರುಗಳು ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯನ್ನು ತಲುಪಿದವು. ಪರಿಶೀಲಿಸಿದಾಗ ಅವುಗಳಲ್ಲಿ ಅನೇಕವು ಸೆಳವಿನಂತೆ ಕಾಣುವ ಸ್ನಾಯುಗಳ ಅದುರಾಟವೇ ಹೊರತು ನಿಜವಾದ ಸೆಳವಲ್ಲವೆಂದು ಅಭಿಪ್ರಾಯವಾಯಿತು. ಅದೂ ಈಗ ಸೆಳವನ್ನು ನಿಲ್ಲಿಸುವ ಮದ್ದುಗಳ ಸಾಲಿನಲ್ಲಿದೆ.

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಮೂರ್ಛೆರೋಗಕ್ಕೆ ಮಿದುಳಿನ ಶಸ್ತ್ರಚಿಕಿತ್ಸೆ ಮಾಡುವಾಗ ದೋಷವಿರುವ ಜಾಗ ಯಾವುದೆಂದು ಗುರುತಿಸಬೇಕಲ್ಲವೇ? (ನಮ್ಮ ದೇಶದಲ್ಲಿ ಅಂಥ ಶಸ್ತ್ರಚಿಕಿತ್ಸೆಯನ್ನು 1952ರಲ್ಲಿಯೇ ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿಯವರು ಮಾಡಿದ್ದರು.) ಆಗ ಮೇಲೆ ಹೇಳಿದ ಜಗಳಗಂಟ ಮೆಥೊಹೆಕ್ಸಿಟೋನನ್ನು ಅಥವಾ ಅಂಥ ಬೇರೆ ಮದ್ದನ್ನು ಬೇಕೆಂದೇ ಸ್ವಲ್ಪ ಕೊಟ್ಟು, ಅಡಗಿರುವ ಅಲೆಗಳನ್ನು ಎಬ್ಬಿಸಿ ಜಾಗ ಪತ್ತೆ ಹಚ್ಚುವ ಪದ್ಧತಿಯುಂಟು.

ಅರಿವಳಿಕೆಗಿಂತ ಅದರ ಜೊತೆಗಾರರಲ್ಲಿಯೇ ಕೆಲವರ ಬಗ್ಗೆ ಎಚ್ಚರ ಬೇಕಂತೆ. ನೋವು ನಿವಾರಕ ಪೆಥಿಡಿನ್ ಮೈಯಲ್ಲಿ ಒಡೆದು ನಾರ್‌ಪೆಥಿಡಿನ್ ಎಂಬ ವಸ್ತುವಾಗುತ್ತದೆ. ಅದು ಶೇಖರವಾದರೆ ಸೆಳವು ತರುತ್ತದೆ, ಮೂತ್ರಪಿಂಡ ಸರಿಯಿಲ್ಲದವರಲ್ಲಿ ಇನ್ನೂ ಬೇಗ. ಗಾರ್ಡಿನಾಲ್, ಎಪ್ಟಾಯಿನ್ ನುಂಗುವವರ ಪಿತ್ತಜನಕಾಂಗ ಚುರುಕಾಗಿರುವುದರಿಂದ ಈ ವಸ್ತು ಹೆಚ್ಚಾಗಿಯೇ ತಯಾರಾಗುತ್ತದೆ. ಟ್ರಾಮಡಾಲ್ ಎಂಬ ಇನ್ನೊಂದು ನೋವಿನ ಮದ್ದೂ ಸೆಳವನ್ನು ಕೆರಳಿಸಬಲ್ಲದು. ಮರಗಟ್ಟಿಸುವ ಲಿಗ್ನೋಕೇನ್, ಬುಪಿವಕೇನ್‌ಗಳು ತಪ್ಪಿ ರಕ್ತನಾಳಕ್ಕೆ ಹೋದರೆ ಮೂರ್ಛೆರೋಗವಿಲ್ಲದವರಿಗೂ ಸೆಳವು ಬಂದೀತು. ಸ್ನಾಯುಗಳನ್ನು ಸಡಿಲಿಸುವ ಕೆಲವು ಮದ್ದುಗಳ ಪ್ರಭಾವ, ದೀರ್ಘಕಾಲ ಎಪ್ಟಾಯಿನ್ ನುಂಗಿದವರಲ್ಲಿ ಬೇಗ ಇಳಿದುಹೋಗುತ್ತದೆ. ಇವಾವುವೂ ಶಸ್ತ್ರಚಿಕಿತ್ಸೆಗೆ ಅಡ್ಡಿಯಲ್ಲ. ಮುಂಚಿತವಾಗಿ ತಿಳಿದಿದ್ದರೆ ವೈದ್ಯರು ಬೇರೆ ಮದ್ದನ್ನು ಆರಿಸಿಕೊಳ್ಳುತ್ತಾರೆ, ಪ್ರಮಾಣವನ್ನು ಹೊಂದಿಸುತ್ತಾರೆ. ತಿಳಿಯದಿದ್ದರೆ ಹೇಗೆ ಹೊಂದಿಸುವುದು?

ಅಮೆರಿಕದ ಮೇಯೊ ಕ್ಲಿನಿಕ್‌ನವರು 2010ರಲ್ಲಿ ಪ್ರಕಟಿಸಿದ ಒಂದು ಲೆಕ್ಕಾಚಾರ ನನಗೆ ಕೊನೆಯ ತೀರ್ಪಿನಂತೆ ಕಂಡಿತು. ಮೊದಲೇ ಸೆಳವಿನ ಕಾಯಿಲೆಯಿದ್ದು ಶಸ್ತ್ರಚಿಕಿತ್ಸೆಗೆ ಒಳಗಾದ 641 ಜನರ ದಾಖಲೆಗಳನ್ನು ಅವರು ನೋಡಿದರು. ಆಸ್ಪತ್ರೆಯಲ್ಲಿದ್ದಾಗ ಸೆಳವು ಬಂದದ್ದು 22 ಜನರಿಗೆ, ಎಂದರೆ ನೂರಕ್ಕೆ ಮೂರೂವರೆಯಷ್ಟು. ಯಾವ ಬಗೆಯ ಅರಿವಳಿಕೆ ಕೊಟ್ಟರು, ಎಂಥ ಶಸ್ತ್ರಚಿಕಿತ್ಸೆ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಮೊದಲು ಎಷ್ಟು ಸಲ ಸೆಳವು ಬರುತ್ತಿತ್ತು, ಕೊನೆಯದು ಬಂದು ಎಷ್ಟು ದಿನವಾಗಿತ್ತು, ಎಂದರೆ ಕಾಯಿಲೆ ಎಷ್ಟು ಹತೋಟಿಯಲ್ಲಿತ್ತು ಎಂಬುದರಿಂದ ವ್ಯತ್ಯಾಸವಾಯಿತು.

ನಮ್ಮ ಅಕ್ಕ ಈಗಿಲ್ಲ. ಆ ಇಂಜೆಕ್ಷನ್ನೇ ಕಾರಣವೆಂದು ನಂಬಿಯೇ ತೀರಿಕೊಂಡಳು. ನಾನು ಹೇಳಬಹುದಾಗಿತ್ತು, ಹೇಳಲಿಲ್ಲ. ಅಂದು ಆ ಅರಿವಳಿಕೆಯ ವೈದ್ಯರು ವಾರ್ಡಿಗೆ ಓಡಿಬಂದು, ನಮ್ಮವರ ಬೈಗುಳವನ್ನೆಲ್ಲ ಕೇಳಿಕೊಂಡು, ಚುಚ್ಚುಮದ್ದು ಕೊಟ್ಟು ಸೆಳವು ನಿಲ್ಲಿಸಿ, ಬೆಳಗಾಗುವ ತನಕ ಆ ಮಂಚದ ಬಳಿ ಸ್ಟೂಲಿನ ಮೇಲೆ ಕುಳಿತಿದ್ದರು. ಅವರ ಹೆಸರನ್ನೂ ನಾನು ಕೇಳಿಟ್ಟುಕೊಳ್ಳಲಿಲ್ಲ.

ಮದುವೆಯೂ ನಡೆಯಿತು. ಸೊಸೆಗೆ ಒಂದೇ ತಿಂಗಳಲ್ಲಿ ವಿಷಯ ತಿಳಿಯಿತು. ಅವಳು ಗಲಾಟೆ ಮಾಡಲಿಲ್ಲ. ದೇವರ ಪಟದ ಹಿಂದಿನ ಡಬ್ಬಿಯನ್ನು ತೆಗೆದು ಅಡುಗೆಮನೆಯಲ್ಲಿ ಕಾಫಿಪುಡಿಯ ಡಬ್ಬಿಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟಳು. ಅಂದಿನಿಂದ ಇಂದಿನವರೆಗೆ ಒಂದು ದಿನವೂ ಮಾತ್ರೆ ತಪ್ಪಿಲ್ಲ. ತಲೆಗೆ ನೀರು ಹದವಾಗಿ ಬೆಚ್ಚಗಿರಬೇಕು ಎಂಬ ಕಟ್ಟಪ್ಪಣೆಯೂ ಅವಳದೇ. ಮೂರ್ಛೆ ಬಂದು ಹದಿನಾರು ವರ್ಷವಾಯಿತು.

ಕಳೆದ ವಾರ ನಾವು ಮೂವರೂ ಆಸ್ಪತ್ರೆಗೆ ಹೋದೆವು. ಅರಿವಳಿಕೆಯ ವೈದ್ಯೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಗದ ಪೆನ್ನು ಹಿಡಿದು ಅದೇ ಪ್ರಶ್ನೆ ಕೇಳಿದಳು. ಅಳಿಯ ಬಾಯಿ ತೆರೆಯುವ ಮೊದಲೇ ನಾನು, “ಇದೆ ಅಮ್ಮ. ಚಿಕ್ಕಂದಿನಲ್ಲಿ ಬಿಸಿನೀರಿನಿಂದ ಬರುತ್ತಿತ್ತು, ಆಮೇಲೆ ಹಾಗೆಯೂ ಬರುತ್ತಿತ್ತು. 1993ರಲ್ಲಿ ಆಪರೇಷನ್ ಆದ ಮೂರನೆಯ ದಿನ ಬಂತು, ಐದು ದಿನ ಮಾತ್ರೆ ತಪ್ಪಿತ್ತು” ಎಂದೆ. ಸೊಸೆ ಮಾತ್ರೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಆ ವೈದ್ಯೆ ಎಲ್ಲವನ್ನೂ ಬರೆದುಕೊಂಡು, “ಆಪರೇಷನ್ ದಿನ ಊಟ ತಿಂಡಿ ಇಲ್ಲ. ಆದರೆ ಈ ಮಾತ್ರೆ ತಪ್ಪಿಸಬೇಡಿ, ಬೆಳಗ್ಗೆ ಆರು ಗಂಟೆಗೆ ಎರಡು ಗುಟುಕು ನೀರಲ್ಲಿ ನುಂಗಿಸಿ. ರಾತ್ರಿಯದು ನಾವೇ ನೋಡಿಕೊಳ್ತೀವಿ” ಎಂದಳು. ಎಲ್ಲ ಸೇರಿ ಐದು ನಿಮಿಷವೂ ಹಿಡಿಯಲಿಲ್ಲ.

ಶಸ್ತ್ರಚಿಕಿತ್ಸೆಯಾಗಿ ಇಂದಿಗೆ ಐದನೆಯ ದಿನ. ಅಳಿಯ ಮನೆಗೆ ಬಂದಿದ್ದಾನೆ, ಗಂಜಿ ಕುಡಿಯುತ್ತಿದ್ದಾನೆ, ಉಪ್ಪಿನಕಾಯಿ ಬೇಕೆಂದು ಹೆಂಡತಿಯೊಡನೆ ವಾದ ಮಾಡುತ್ತಿದ್ದಾನೆ.